ಕೆಂಪಿ ಕದ್ದ ಕುಂಚಿಗೆ

ಆರು ವರ್ಷದಲ್ಲಿ ದುರ್ಗೇಶನಿಗೆ ಒಂದು ನಾಯಿಯೂ ಕಚ್ಚಿರಲಿಲ್ಲ. ಬೀದಿನಾಯಿಗಳನ್ನು ಬಲೆ ಹಾಕಿ ಹಿಡಿದು, ಸಂತಾನಹರಣದ ಆಪರೇಷನ್ನಿಗೆ ಒಯ್ದು, ಗಾಯ ಮಾಗಿದ ಮೇಲೆ ಹಿಡಿದ ಜಾಗದಲ್ಲೇ ತಂದು ಬಿಡುವುದು ಅವನ ಕೆಲಸ. ಕೆ.ಆರ್. ಪುರದಿಂದ ಮಾರತ್ತಹಳ್ಳಿಯವರೆಗಿನ ಗಲ್ಲಿಗಳಲ್ಲಿ ಅವನು ಹಿಡಿದ ನಾಯಿಗಳು ಕೆಲವು ಸಾವಿರವಾದರೂ ಇರಬೇಕು. ಜೊತೆಗಾರರ ಕೈಕಾಲಿನ ಮೇಲೆಲ್ಲ ಹಲ್ಲಿನ ಗುರುತುಗಳಿದ್ದವು. ಅವನ ಮೈಮೇಲೆ ಉಗುರು ಪರಚಿದ ಗೆರೆಗಳನ್ನು ಬಿಟ್ಟರೆ ಏನೂ ಇರಲಿಲ್ಲ. ಕಿವಿ, ಬಾಲ, ಬೆನ್ನಿನ ಕೂದಲು ಇಷ್ಟನ್ನು ನೋಡಿದರೆ ನಾಯಿ ಮುಂದೇನು ಮಾಡುತ್ತದೆಂದು ಹೇಳಬಲ್ಲೆ ಎನ್ನುತ್ತಿದ್ದ.

ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನನ್ನು ಕಚ್ಚಿದ್ದು ಅವನ ಮನೆಯ ಅನ್ನ ತಿನ್ನುತ್ತಿದ್ದ ನಾಯಿ. ಕಚ್ಚಿದ್ದು ಅವನ ಮನೆಯೊಳಗೇ.

ದೊಡ್ಡನೆಕ್ಕುಂದಿಯಲ್ಲಿ ಮುನಿಆಂಜನಪ್ಪನ ರಾಗಿ ಹೊಲವಾಗಿದ್ದ ಜಾಗದಲ್ಲಿ ಈಗ ಶೀಟು ಹೊದಿಸಿದ ಹನ್ನೊಂದು ರೂಮುಗಳಿವೆ. ಬಾಡಿಗೆಗಿರುವವರು ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಸಾಲಿನ ಒಂದು ತುದಿಯಲ್ಲಿ ನೀರಿನ ಸಂಪು, ಅದರ ಪಕ್ಕ ಹಸುಗಳಿಲ್ಲದ ಹಳೆಯ ಕೊಟ್ಟಿಗೆ. ಇನ್ನೊಂದು ತುದಿಯ ರೂಮು ದುರ್ಗೇಶ, ಮಾನಮ್ಮ ಮತ್ತು ಅವರ ಏಳು ತಿಂಗಳ ಮಗ ಭೀಮುವಿನದು. ಕೆಂಪಿ ಎಂಬ ಕಂದು ಹೆಣ್ಣುನಾಯಿ ಯಾರದೂ ಅಲ್ಲ, ಎಲ್ಲರದೂ ಹೌದು. ಹದಿನೈದು ದಿನದ ಹಿಂದೆ ದುರ್ಗೇಶನೇ ಅದನ್ನು ಒಯ್ದು ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿಕೊಂಡು ಬಂದಿದ್ದ.

ಆ ದಿನ ಮೂರು ದಿನದ ಮೇಲೆ ನೀರಿನ ಟ್ಯಾಂಕರ್ ಬಂದಿತ್ತು. ಮಾನಮ್ಮ ಕೊಡಗಳ ಜೊತೆ ಸಾಲಿನಲ್ಲಿ ನಿಂತಿದ್ದಳು. ದುರ್ಗೇಶ ಹೊಂಗೆ ಮರದ ಕೆಳಗೆ ಕೂತು ಬಲೆಯ ಹರಿದ ಕಣ್ಣುಗಳನ್ನು ನೈಲಾನ್ ದಾರದಿಂದ ಹೆಣೆಯುತ್ತಿದ್ದ. ಭಾನುವಾರಕ್ಕೆ ಉಳಿಸಿಕೊಳ್ಳುವ ಕೆಲಸ ಅದು. ಭೀಮು ಒಳಗೆ ಕೌದಿಯ ಮೇಲೆ ಮಲಗಿದ್ದ. ಗಾಳಿಗೆ ಬಾಗಿಲು ಅರ್ಧ ತೆರೆದಿತ್ತು.

ಒಳಗಿನಿಂದ ಗುರುಗುಟ್ಟುವ ಸದ್ದು ಬಂತು. ಅದು ಜಗಳದ ಸದ್ದಲ್ಲ. ಗಂಟಲಿನ ಆಳದಿಂದ, ಉಸಿರು ಬಿಡದೆ ಬರುವಂಥದು. ದುರ್ಗೇಶ ಬಲೆ ಬಿಟ್ಟು ಎದ್ದ.

ಕೆಂಪಿ ಕೌದಿಯ ಮೇಲೆ ಮೈ ಬಾಗಿಸಿ ಮಲಗಿತ್ತು. ಅದರ ಹೊಟ್ಟೆಗೆ ಒತ್ತಿಕೊಂಡಂತೆ ಭೀಮು ಇದ್ದ. ಎಚ್ಚರವಾಗಿದ್ದ. ನಾಯಿಯ ಕಿವಿಯನ್ನು ಹಿಡಿಯಲು ನೋಡುತ್ತಿದ್ದ. ಆಪರೇಷನ್ನಿನ ಗಾಯದ ಎರಡೂ ಬದಿಗೆ ಮೊಲೆಗಳು ಊದಿದ್ದವು. ಒಂದರ ತುದಿಯಲ್ಲಿ ಬಿಳಿ ಹನಿ ನಿಂತಿತ್ತು.

ಗರ್ಭಕೋಶವಿಲ್ಲದ ನಾಯಿಯ ಮೊಲೆಯಲ್ಲಿ ಹಾಲು. ದುರ್ಗೇಶನಿಗೆ ತಾನು ಕಂಡದ್ದು ಅರ್ಥವಾಗುವ ಮೊದಲೇ ಕೈ ಮಗುವಿನ ಕಡೆ ಹೋಗಿತ್ತು. ಕಿವಿ ಅಲುಗಲಿಲ್ಲ, ಬಾಲ ಏಳಲಿಲ್ಲ, ಕೂದಲು ನಿಗುರಲಿಲ್ಲ. ಕೆಂಪಿ ಮಲಗಿದಲ್ಲಿಂದಲೇ ಕತ್ತು ಚಾಚಿ ಅವನ ಮಣಿಕಟ್ಟನ್ನು ಕಚ್ಚಿ, ಬಿಟ್ಟು, ಮತ್ತೆ ಮಗುವಿನ ಮೇಲೆ ಗದ್ದ ಇಟ್ಟಿತು.

ಅವನು ಹಿಂದಕ್ಕೆ ಹೆಜ್ಜೆ ಇಟ್ಟ. ರಕ್ತ ಹೊಸಲಿನ ಮೇಲೆ ಬೀಳುತ್ತಿತ್ತು. ನೋವು ಗೊತ್ತಾಗಲಿಲ್ಲ. 'ಕೆಂಪಿ ಕಚ್ಚಿತು' ಎಂಬ ಎರಡು ಪದಗಳು ಒಂದಕ್ಕೊಂದು ಸೇರದೆ ತಲೆಯಲ್ಲಿ ತಿರುಗುತ್ತಿದ್ದವು.

ಮಾನಮ್ಮ ಓಡಿಬಂದಳು. ಅವಳ ಹಿಂದೆ ಕೊಡ ಬಿಟ್ಟು ಬಂದ ಹೆಂಗಸರು. ಯಾರೋ "ಹುಚ್ಚ ಹಿಡದದ" ಅಂದರು. ಮಾನಮ್ಮ ಹೊಸಲು ದಾಟಲು ಹೋದಳು. ಒಳಗಿನ ಸದ್ದು ಏರಿತು, ಹಲ್ಲುಗಳು ಮಗುವಿನ ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ ಕಾಣಿಸಿದವು. ದುರ್ಗೇಶ ಅವಳ ರಟ್ಟೆ ಹಿಡಿದು ಎಳೆದ.

"ಬಿಡ್ರಿ ನನ್ನ. ನನ ಕೂಸು ಒಳಗದ."

"ನೀ ಮುಂದ ಹೋದಂಗ ಅದು ಜೋರಾಗ್ಲಿಕತ್ತದ. ನಿಂದ್ರು."

ಮುನಿಆಂಜನಪ್ಪ ಹಾರೆ ಹಿಡಿದು ಬಂದ. ಅರವತ್ತೈದರ ಆಳು, ತೋಳಿನಲ್ಲಿ ಇನ್ನೂ ಹೊಲದ ಕಸುವಿತ್ತು. "ಸರಿಯಪ್ಪಾ ಪಕ್ಕಕ್ಕೆ. ತಲೆಗೆ ಒಂದೇ ಏಟು."

"ಏಟು ತಪ್ಪಿದ್ರ, ಮಾಲಕ್ರೇ?"

ಮುನಿಆಂಜನಪ್ಪ ಒಳಗೆ ಇಣುಕಿದ. ನಾಯಿಯ ತಲೆ, ಮಗುವಿನ ತಲೆ ಒಂದೇ ಕಡೆ ಇದ್ದವು. ಹಾರೆ ನಿಧಾನವಾಗಿ ನೆಲಕ್ಕೆ ಬಂತು. "ನಾಯಿ ಹಿಡಿಯೋನು ನೀನೇ ಅಲ್ವೇನಯ್ಯಾ. ಬಲೆ ಹಾಕು ಮತ್ತೆ."

ಬಲೆ ಮರದ ಕೆಳಗೇ ಬಿದ್ದಿತ್ತು. ಅದರ ಬಾಯಿಗೆ ಕಬ್ಬಿಣದ ಬಳೆ, ಎಂಟು ಅಡಿಯ ಕೋಲು. ಬಲೆಗೆ ಬಿದ್ದ ನಾಯಿ ಮೊದಲ ಹತ್ತು ಸೆಕೆಂಡು ಸಿಕ್ಕಿದ್ದನ್ನು ಕಚ್ಚುತ್ತದೆ. ತನ್ನ ಕಾಲನ್ನೇ ಕಚ್ಚಿಕೊಂಡದ್ದನ್ನು ಅವನು ನೋಡಿದ್ದ. ಈ ಬಲೆಯೊಳಗೆ ಭೀಮುವೂ ಇರುತ್ತಾನೆ. ಆರು ವರ್ಷದ ಕೆಲಸ ಇಲ್ಲಿ ಎಳ್ಳಷ್ಟೂ ಉಪಯೋಗಕ್ಕೆ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು.

ಅವನು ನಾಯಿಗಳ ಆಪರೇಷನ್ ನಡೆಯುವ ಸೆಂಟರಿನ ಪಶುವೈದ್ಯೆ ರೇವತಿ ಮೇಡಮ್ಮಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ.

"ಕಣ್ಣಿಗೆ ಕಣ್ಣು ಕೊಡ್ಬೇಡಿ," ಅಂದರು ಡಾಕ್ಟರು. "ಜನಾನ ಹಿಂದಕ್ಕೆ ಕಳಿಸಿ. ಮಗೂನ ನೆಕ್ತಾ ಇದೆಯಾ?"

"ಹೌದ್ರಿ ಮೇಡಂ. ಮುಖ ನೆಕ್ಲಿಕತ್ತದ."

"ಮೊಲೇಲಿ ಹಾಲಿದೆಯಾ?"

"ಅದ ರೀ."

"ಹಾಗಾದ್ರೆ ಅದು ಮಗು ಮೇಲೆ ಅಟ್ಯಾಕ್ ಮಾಡ್ತಿಲ್ಲ ದುರ್ಗೇಶ್. ಅದರ ಪ್ರಕಾರ ಅಟ್ಯಾಕ್ ಮಾಡ್ತಿರೋರು ನೀವು. ಮಗು ತನ್ನ ಮರಿ ಅಂದ್ಕೊಂಡಿದೆ. ಈಚೆಗೆ ಅದು ಬಟ್ಟೆ, ಚಪ್ಪಲಿ, ಏನಾದ್ರೂ ಎತ್ಕೊಂಡೋಗಿ ಬಚ್ಚಿಡ್ತಿತ್ತಾ?"

ದುರ್ಗೇಶನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಮಾನಮ್ಮ.

"ಕುಂಚಿಗಿ," ಅಂದಳು. "ಕುಂಚಿಗಿ ಒಯ್ದಿತ್ತು."

ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಆ ಕೂಸಿನ ಟೊಪ್ಪಿಗೆಯನ್ನು ಮಾನಮ್ಮನ ತಾಯಿ ಖಣದ ಬಟ್ಟೆಯಲ್ಲಿ, ಅಂಚಿಗೆ ಮಣಿ ಪೋಣಿಸಿ ಹೊಲಿದಿದ್ದಳು. ಹೊಲಿದದ್ದು ಭೀಮುವಿಗಲ್ಲ. ಮೂರು ವರ್ಷದ ಹಿಂದೆ, ಮೊದಲ ಬಾಣಂತನಕ್ಕೆ. ಆ ಕೂಸು ಎಂಟನೇ ತಿಂಗಳಲ್ಲಿ ಉಸಿರಿಲ್ಲದೆ ಹುಟ್ಟಿತು. ಕುಂಚಿಗೆ ಟ್ರಂಕಿನ ತಳಕ್ಕೆ ಹೋಗಿ, ಭೀಮು ಬಂದ ಮೇಲೆ ಹೊರಗೆ ಬಂದಿತ್ತು. ವಾರದ ಕೆಳಗೆ ಅದು ಹಗ್ಗದ ಮೇಲಿಂದ ಕಾಣೆಯಾಗಿತ್ತು. ಮಾನಮ್ಮ ಉಳಿದ ಹತ್ತೂ ರೂಮಿನಲ್ಲಿ ಕೇಳಿ, ಎರಡು ಮನೆಯವರ ಜೊತೆ ಮಾತು ಬಿಟ್ಟಿದ್ದಳು.

"ನಿನ್ನಿ ಸಂಪಿನ ಹಿಂದ ಸಿಕ್ತು. ಕೆಂಪಿ ಅಲ್ಲಿ ನೆಲ ಕೆದರಿ ಗೂಡು ಮಾಡ್ಯದ. ಅದು ಇಲ್ಲದಾಗ ತಗೊಂಡು ಬಂದೆ. ನೀರಿದ್ದಿಲ್ಲ, ಒಗಿಯೋದು ಹ್ಯಾಂಗ? ಬಿಸಿಲಿಗೆ ಹಾಕಿ, ಝಾಡಿಸಿ, ಇವತ್ತ ಕೂಸಿಗೆ ಕಟ್ಟೀನಿ."

ಎಲ್ಲರೂ ಒಳಗೆ ನೋಡಿದರು. ಭೀಮುವಿನ ಗದ್ದದ ಕೆಳಗೆ ಕುಂಚಿಗೆಯ ಲಾಡಿ ಗಂಟು ಹಾಕಿತ್ತು. ಕೆಂಪಿ ನೆಕ್ಕುತ್ತಿದ್ದದ್ದು ಮುಖವನ್ನಷ್ಟೇ ಅಲ್ಲ, ಬಟ್ಟೆಯನ್ನೂ. ಆರು ದಿನ ಹೊಟ್ಟೆಯ ಕೆಳಗಿಟ್ಟುಕೊಂಡ ಮರಿ ನಿನ್ನೆ ಕಾಣೆಯಾಗಿತ್ತು. ಇವತ್ತು ಅದರ ವಾಸನೆ ಈ ಬಾಗಿಲಿನಿಂದ ಬಂದಿತ್ತು.

ಮಾನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಗೂಡಲ್ಲಿ ಬೇರೆ ಏನಿತ್ತು?" ಫೋನಿನಿಂದ ಡಾಕ್ಟರು ಕೇಳಿದರು.

"ಕೂಸಿನ ಬೂಟೊಂದು ಅದ ರೀ. ಒತ್ತಿದ್ರ ಕುಂಯ್ ಅಂತದ. ಅಲ್ಲೇ ಬಿಟ್ಟೀನಿ."

"ಸರಿ. ಕೇಳಿ, ಎರಡು ಮರಿ ಬೇರೆ ಬೇರೆ ಕಡೆ ಇದ್ದು, ಒಂದು ಅಳ್ತಿದ್ರೆ ತಾಯಿ ಅಳೋ ಮರಿ ಹತ್ರ ಹೋಗುತ್ತೆ. ದುರ್ಗೇಶ್, ನೀವು ಗೂಡಿನ ಹತ್ರ ಹೋಗಿ ಆ ಬೂಟು ಒತ್ತಿ. ಮಗು ಮಾತ್ರ ಅಳಬಾರ್ದು. ಅತ್ರೆ ಅದು ಏಳಲ್ಲ."

ಅಷ್ಟರಲ್ಲಿ ಭೀಮು ತಾಯಿಯನ್ನು ಕಂಡು ಎರಡೂ ಕೈ ಎತ್ತಿ ತುಟಿ ಮಡಚಿದ್ದ. ಎತ್ತಿಕೊಳ್ಳದಿದ್ದರೆ ಅಳುತ್ತಾನೆ. ದುರ್ಗೇಶ ಹೇಳಬೇಕಾಗಲಿಲ್ಲ. ಮಾನಮ್ಮ ಮಗನ ಕಣ್ಣಿಂದ ಮರೆಯಾಗಿ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಒತ್ತಿ ನಿಂತಳು. ಅವನ ಉಸಿರು ಅವಳಿಗೆ ಕೇಳುವಷ್ಟು ಹತ್ತಿರ.

ಸಂಪಿನಿಂದ ಬಾಗಿಲು ಕಾಣುವುದಿಲ್ಲ. ಮುನಿಆಂಜನಪ್ಪ ಹೆಂಗಸರನ್ನು ದೂರ ಕಳಿಸಿ ನಡುವೆ, ಎರಡೂ ಕಡೆ ಕಾಣುವಲ್ಲಿ ನಿಂತ. ದುರ್ಗೇಶ ಮರದ ಕೆಳಗಿನ ಬಲೆಯನ್ನು ತಂದು ಕೊಟ್ಟಿಗೆಗೆ ಒರಗಿಸಿ, ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೆದರಿದ ಮಣ್ಣಿನಲ್ಲಿ ನೀಲಿ ಬೂಟು. ಮಗು ನಡೆಯುವ ಮೊದಲೇ ಅವನು ಮಾರತ್ತಹಳ್ಳಿಯಲ್ಲಿ ಆಸೆಪಟ್ಟು ತಂದದ್ದು. ಒತ್ತಿದ.

ಕುಂಯ್.

"ಕಿವಿ ನಿಮಿರ್ತು," ಅಂದ ಮುನಿಆಂಜನಪ್ಪ, ದನಿ ತಗ್ಗಿಸಿ. "ಎದ್ದೇಳ್ತಿಲ್ಲ."

ಕುಂಯ್. ಕುಂಯ್.

"ಎದ್ದಿತು. ಬಾಗಿಲ ಕಡೆ ನೋಡ್ತೈತೆ. ಇಲ್ಲ, ತಿರುಗ್ತು. ಮಗೀನ ಹತ್ರ ಬಗ್ತು..."

"ಏನಾತ್ರಿ?"

"ಬಾಯಾಕೈತೆ ಕಣಯ್ಯಾ. ಕತ್ತಿನ ಹಿಂದ್ಗಡೆ ಬಟ್ಟೆಗೆ. ಎಳೀತೈತೆ."

ದುರ್ಗೇಶನಿಗೆ ಗೊತ್ತಿತ್ತು, ತಾಯಿನಾಯಿ ಮರಿಯನ್ನು ಹಾಗೇ ಒಯ್ಯುತ್ತದೆ, ಕತ್ತಿನ ತೊಗಲು ಹಿಡಿದು. ಮರಿಯ ತೂಕ ಅರ್ಧ ಕಿಲೋ ಇರಬಹುದು, ಭೀಮುವಿನದು ಏಳೂವರೆ. ಲಾಡಿ ಗದ್ದದ ಕೆಳಗೆ ಗಂಟು ಹಾಕಿದೆ. ಎಳೆದಷ್ಟೂ ಅದು ಕೊರಳಿಗೆ ಬಿಗಿಯುತ್ತದೆ. ಎದ್ದು ಓಡಬೇಕೆಂದು ಕಾಲು ಹೇಳಿತು. ಓಡಿದರೆ ಬೂಟು ಸುಮ್ಮನಾಗುತ್ತದೆ. ಅವನು ಕೂತಲ್ಲೇ ರಕ್ತದ ಕೈಯಿಂದ ಒತ್ತಿದ. ಬಿಡುವು ಕೊಡದೆ, ಉಸಿರು ಕಟ್ಟಿದ ಮರಿ ಕೂಗುವ ಹಾಗೆ ಒತ್ತಿದ.

"ಬಿಟ್ತು," ಅಂದ ಮುನಿಆಂಜನಪ್ಪ. "ಬತ್ತೈತೆ. ಬತ್ತೈತೆ ನೋಡು."

ಕೆಂಪಿ ಮೂಲೆ ತಿರುಗಿ ನೇರವಾಗಿ ಅವನ ಮುಂದೆ ಬಂತು. ಹತ್ತು ನಿಮಿಷದ ಹಿಂದೆ ಕಚ್ಚಿದ ಕೈಯನ್ನು ನೋಡಲೇ ಇಲ್ಲ. ಅವನ ಬೆರಳುಗಳ ನಡುವಿನಿಂದ ಬೂಟನ್ನು ಹಲ್ಲು ತಾಕದ ಹಾಗೆ ತೆಗೆದುಕೊಂಡು, ಗೂಡಿನಲ್ಲಿಟ್ಟು, ಅದರ ಸುತ್ತ ಮೈ ಬಾಗಿಸಿ ಮಲಗಿತು. ಆಮೇಲೆ ನೆಕ್ಕಲು ಶುರುಮಾಡಿತು.

ಸಾಲಿನ ಆ ತುದಿಯಲ್ಲಿ ಚಿಲಕ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಭೀಮು ಅತ್ತ.

ಕೆಂಪಿ ತಲೆಯೆತ್ತಿತು. ಎದ್ದು ಎರಡು ಹೆಜ್ಜೆ ಇಟ್ಟಿತು. ದುರ್ಗೇಶ ಕೊಟ್ಟಿಗೆಗೆ ಒರಗಿಸಿಟ್ಟಿದ್ದ ಬಲೆಗೆ ಕೈ ಹಾಕಿದ. ಈಗ ಅದರೊಳಗೆ ಬೀಳುವುದು ನಾಯಿಯೊಂದೇ.

*

ಭೀಮುವಿನ ಕೊರಳಲ್ಲಿ ಕೆಂಪು ಗೆರೆಯೊಂದು ಬಿಟ್ಟರೆ ಏನೂ ಆಗಿರಲಿಲ್ಲ. ದುರ್ಗೇಶ ಹದಿನೈದು ನಿಮಿಷ ಸೋಪು ಹಚ್ಚಿ ಟ್ಯಾಂಕರಿನ ನಲ್ಲಿಯ ಕೆಳಗೆ ಗಾಯ ತೊಳೆದುಕೊಂಡ. ನಾಯಿ ಹಿಡಿಯುವವರಿಗೆ ಮೊದಲೇ ರೇಬೀಸ್ ಲಸಿಕೆ ಹಾಕಿರುತ್ತಾರೆ. ಕಚ್ಚಿದ ಮೇಲೆ ಇನ್ನೆರಡು ಡೋಸು ಸಾಕು. ಒಂದನ್ನು ಅವತ್ತೇ ಹಾಕಿಸಿಕೊಂಡು ಅವನು ಸೆಂಟರಿಗೆ ಹೋದಾಗ ಮೂರು ಗಂಟೆ. ಕೆಂಪಿ ಪಂಜರದ ಮೂಲೆಯಲ್ಲಿ ಖಾಲಿ ನೆಲವನ್ನು ಕೆದರುತ್ತಿತ್ತು.

ಡಾಕ್ಟರು ಆಪರೇಷನ್ನಿನ ಫಾರಂ ತೆಗೆದು ಮೇಜಿನ ಮೇಲಿಟ್ಟಿದ್ದರು. ದುರ್ಗೇಶನ ಕೈಬರಹ. ಹಿಡಿದ ಜಾಗ, ಬಣ್ಣ, ಅಂದಾಜು ತೂಕ. ನಾಲ್ಕನೆಯ ಸಾಲು: 'ಕೊನೆಯ ಸಲ ಬೆದೆಗೆ ಬಂದದ್ದು'. ಅದರ ಮುಂದೆ: 'ಗೊತ್ತಿಲ್ಲ'.

"ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಅವರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಬೀದಿನಾಯಿಯ ಬೆದೆಯ ದಿನ ಯಾರಿಗೆ ಗೊತ್ತಿರುತ್ತದೆ? ಆರು ವರ್ಷದಿಂದ ಪ್ರತಿ ಹೆಣ್ಣುನಾಯಿಯ ಫಾರಂನಲ್ಲೂ ಅವನು ಆ ಸಾಲಿನ ಮುಂದೆ ಅದೊಂದೇ ಪದ ಬರೆದಿದ್ದ. ಕೈ ತಾನಾಗಿಯೇ ಬರೆಯುತ್ತಿತ್ತು. ಕೆಂಪಿಯದನ್ನೂ ಹಾಗೇ ಬರೆದಿತ್ತು. ಆದರೆ ಕೆಂಪಿಯದು ಅವನಿಗೆ ಗೊತ್ತಿತ್ತು. ಯುಗಾದಿಯ ವಾರ. ಎಂಟು ಗಂಡುನಾಯಿಗಳು ವಠಾರದ ಮುಂದೆ ಕಚ್ಚಾಡಿದ್ದವು. ಮುನಿಆಂಜನಪ್ಪ ಕೆಂಪಿಯನ್ನು ಎರಡು ವಾರ ಕೊಟ್ಟಿಗೆಯೊಳಗೆ ಕೂಡಿಹಾಕಿ, 'ಇದಕ್ಕೊಂದು ಆಪರೇಷನ್ ಮಾಡ್ಸಿ ಪುಣ್ಯ ಕಟ್ಕೋ' ಎಂದಿದ್ದ. ಸರದಿ ಬಂದದ್ದು ಆರು ವಾರದ ಮೇಲೆ.

"ಯುಗಾದಿ ವಾರ ರೀ," ಅಂದ. "ಗಂಡು ಸೇರ್ಸಿಲ್ಲ ರೀ ಮೇಡಂ. ಬಸುರಾಗಿದ್ದಿಲ್ಲ ಅದು."

"ಇರ್ಲಿಲ್ಲ, ನಾನೇ ನೋಡಿದೀನಿ. ಆದ್ರೆ ನಾಯೀಲಿ ಅದು ಲೆಕ್ಕಕ್ಕಿಲ್ಲ. ಮರಿ ಕಟ್ಲಿ ಬಿಡ್ಲಿ, ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ರಕ್ತದಲ್ಲಿ ಬಸಿರಿನ ಹಾರ್ಮೋನು ಇದ್ದೇ ಇರುತ್ತೆ. ಅದು ಬರೋದು ಅಂಡಾಶಯದಿಂದ. ನಾವು ಅಂಡಾಶಯಾನೇ ಕತ್ತರಿಸಿ ತೆಗೆದ್ವಿ. ಹಾರ್ಮೋನು ಒಂದೆರಡು ದಿನದಲ್ಲಿ ಕುಸಿದುಹೋಯ್ತು. ಹೆರಿಗೆ ಹೊತ್ತಲ್ಲೂ ಹಾಗೇ ಕುಸಿಯೋದು. ಮೆದುಳಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಹೆತ್ತಾಯ್ತು ಅಂದ್ಕೊಳುತ್ತೆ. ಪ್ರೊಲ್ಯಾಕ್ಟಿನ್ ಅಂತ ಇನ್ನೊಂದು ಹಾರ್ಮೋನು ಏರುತ್ತೆ. ಅದು ಮೊಲೇಲಿ ಹಾಲು ತರುತ್ತೆ, ತಲೇಲಿ ತಾಯಿನ ತರುತ್ತೆ. ಗೂಡು ಮಾಡು, ಮರಿ ಹುಡುಕು, ಹತ್ರ ಬಂದವರನ್ನ ಕಚ್ಚು. ಎಲ್ಲಾ ನಾಯಿಗೂ ಇಷ್ಟು ಜೋರು ಬರಲ್ಲ."

"ಮರೀನ ಇಲ್ಲದ?"

"ಮರೀನೇ ಇಲ್ಲದೆ."

ದುರ್ಗೇಶ ಫಾರಂ ನೋಡುತ್ತ ನಿಂತ. ಗಂಡುನಾಯಿಗಳು ಸೇರಿ ಕಚ್ಚಾಡಿದಾಗಲೇ ಜನ ದೂರು ಕೊಡುವುದು. ವ್ಯಾನು ಹೋಗುವುದು ತಿಂಗಳೋ ಒಂದೂವರೆ ತಿಂಗಳೋ ಕಳೆದ ಮೇಲೆ. ಅಂದರೆ ಸರಿಯಾಗಿ ಈ ಹೊತ್ತಿಗೆ. ಕೆಂಪಿ ಒಂದೇ ಅಲ್ಲ. ತಂದು ಬಿಟ್ಟ ಮೇಲೆ 'ಆಪರೇಷನ್ ಆದಮೇಲೆ ನಾಯಿ ಕೆಟ್ಟುಹೋಯ್ತು ಕಣ್ರೀ' ಎಂದ ಹೆಂಗಸರಿಗೆ ಅವನು ಎಷ್ಟು ಸಲ ನಕ್ಕು ಉತ್ತರ ಕೊಟ್ಟಿದ್ದನೋ.

"ದಿನ ಬರ್ದಿದ್ರ ಏನ್ ಮಾಡ್ತಿದ್ರಿ ಮೇಡಂ?"

"ಇನ್ನೆರಡು ತಿಂಗಳು ಕಾಯ್ತಿದ್ದೆ. ನಿಮ್ಮ ಬಾಗಿಲಲ್ಲೇ ಇರೋ ನಾಯಿ, ಎಲ್ಲಿಗೆ ಓಡೋಗ್ತಿತ್ತು? ಹೊಟ್ಟೆ ತೆರೆದ ಮೇಲೆ ನಂಗೂ ಗೊತ್ತಾಯ್ತು. ಅಷ್ಟೊತ್ತಿಗೆ ಅರ್ಧ ಕೆಲಸ ಮುಗಿದಿತ್ತು. ಕಳಿಸೋವಾಗ ನಿಮಗೊಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ."

ಮೆಡಿಕಲ್ ಸ್ಟೋರಿನಿಂದ ಎರಡು ಮಾತ್ರೆ ತರಿಸಿದರು. ಬಿಳಿಯವು, ಉದ್ದನೆಯವು, ನಡುವೆ ಗೀರು. ಕೆಂಪಿಯ ತೂಕ ಹದಿನಾರು ಕಿಲೋ. ಒಂದು ಮಾತ್ರೆಯನ್ನು ಬ್ಲೇಡಿನಿಂದ ಆರು ಚೂರು ಮಾಡಿ, ದಿನಕ್ಕೊಂದು ಚೂರು ಊಟದ ಜೊತೆ. ಹತ್ತು ದಿನ. ಪ್ರೊಲ್ಯಾಕ್ಟಿನ್ ಇಳಿಯುತ್ತದೆ, ಉಳಿದದ್ದೆಲ್ಲ ಅದರ ಹಿಂದೆ ಇಳಿಯುತ್ತದೆ ಅಂದರು.

ಅದು ಇಳಿದದ್ದನ್ನು ದುರ್ಗೇಶ ದಿನವೂ ನೋಡಿದ. ಪಂಜರದ ಹೊರಗೆ ಯಾರದೋ ಚಪ್ಪಲಿ ಕಂಡರೆ ಮೂರನೆಯ ದಿನದವರೆಗೂ ಕೆಂಪಿ ಕಂಬಿಗಳ ನಡುವಿನಿಂದ ಕಾಲು ಚಾಚಿ ಅದನ್ನು ಎಳೆದುಕೊಳ್ಳಲು ನೋಡಿ ಕುಂಯ್‌ಗುಟ್ಟುತ್ತಿತ್ತು. ಆರನೆಯ ದಿನ ಸುಮ್ಮನೆ ನೋಡಿತು. ಒಂಬತ್ತನೆಯ ದಿನ ಡಾಕ್ಟರು ನೀಲಿ ಬೂಟನ್ನೇ ಒಳಗಿಟ್ಟು ಒತ್ತಿದರು. ಕೆಂಪಿ ಅದನ್ನು ದಾಟಿ ಅನ್ನದ ತಟ್ಟೆಗೆ ಹೋಯಿತು.

*

ಹಿಡಿದಲ್ಲೇ ಬಿಡಬೇಕು, ಅದು ನಿಯಮ. ಮುನಿಆಂಜನಪ್ಪನಿಗೆ ಒಪ್ಪಿಗೆ ಇರಲಿಲ್ಲ. "ವೈಟ್‌ಫೀಲ್ಡ್ ಕಡೆ ಎಲ್ಲಾದ್ರೂ ಬಿಟ್ಬುಡಯ್ಯಾ. ಯಾವನು ಬಂದು ಕೇಳ್ತಾನೆ? ಮಗೀಗೆ ಏನಾದ್ರೂ ಆದ್ರೆ?"

ದುರ್ಗೇಶನೂ ಹಿಂದೆಮುಂದೆ ನೋಡುತ್ತಿದ್ದ. ಮಾನಮ್ಮ ಹೇಳಿದಳು: "ತರ್ರಿ. ನನ್ನ ಕಣ್ಣಲೆ ನೋಡಬೇಕು. ನೋಡದ ಹೊರತು ನಂಗ ಈ ಬಾಗಿಲದಾಗ ಕೂಸಿನ ಮಲಗ್ಸಕಾಗಲ್ಲ."

ಹನ್ನೆರಡನೆಯ ದಿನ ಹತ್ತು ಗಂಟೆಗೆ ವ್ಯಾನು ವಠಾರದ ಮುಂದೆ ನಿಂತಿತು. ದುರ್ಗೇಶ ಕೆಂಪಿಯ ಕೊರಳಿಗೆ ಹಗ್ಗ ಹಾಕಿ ಇಳಿಸಿದ. ಮುನಿಆಂಜನಪ್ಪ ಹಾರೆಯನ್ನು ಕೈಯಳತೆಯಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಮಾನಮ್ಮ ಹೊಸಲಿನ ಒಳಗೆ ಮಗನನ್ನು ಸೊಂಟಕ್ಕೆ ಏರಿಸಿ ನಿಂತಿದ್ದಳು. ಕುಂಚಿಗೆಯನ್ನು ಅವಳು ಅವತ್ತಿನಿಂದ ಒಗೆದಿರಲಿಲ್ಲ. ಬಿಡಿಸಿದ್ದನ್ನು ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ಈಗ ಅದನ್ನು ಬಾಗಿಲ ಮುಂದಿನ ಕಲ್ಲಿನ ಮೇಲೆ ಹಾಸಿದಳು.

ಕೆಂಪಿ ಮೂಗು ತಾಗಿಸಿತು. ಒಂದು ಸಲ ಮೂಸಿತು. ಭೀಮು ಅದನ್ನು ಕಂಡು 'ಹೇ' ಎಂದು ಕೇಕೆ ಹಾಕಿ ಕಾಲು ಬಡಿದ. ಕೆಂಪಿ ಅವನನ್ನು ನೋಡಿತು, ಮುನಿಆಂಜನಪ್ಪನನ್ನು ನೋಡಿತು, ಎರಡೂ ನೋಟ ಒಂದೇ ಆಗಿದ್ದವು. ಆಮೇಲೆ ಕುಂಚಿಗೆಯನ್ನು ತುಳಿದುಕೊಂಡು ಹೋಗಿ, ವ್ಯಾನಿನ ನೆರಳಿನಲ್ಲಿ ಉದ್ದಕ್ಕೆ ಬಿದ್ದುಕೊಂಡು ಕಣ್ಣು ಮುಚ್ಚಿತು.

"ಸದ್ಯ," ಅಂದ ಮುನಿಆಂಜನಪ್ಪ. ಹಾರೆ ತೆಗೆದುಕೊಂಡು ಒಳಗೆ ಹೋದ.

ದುರ್ಗೇಶ ಹೆಂಡತಿಯ ಮುಖ ನೋಡಿದ. ನಿರಾಳವಾಗಿರುತ್ತಾಳೆ ಅಂದುಕೊಂಡಿದ್ದ. ಅವಳ ಮುಖದಲ್ಲಿ ಆ ಭಾನುವಾರ ಬಾಗಿಲಲ್ಲಿ ಕಂಡಿದ್ದಕ್ಕಿಂತ ದೊಡ್ಡ ಗಾಬರಿ ಇತ್ತು.

"ಇವನ ಸಲುವಾಗಿ ನಿಮ್ಮ ಕೈ ಕಚ್ಚಿತ್ತು ಅದು," ಅಂದಳು. "ನನ್ನ ಕೊಲ್ಲಾಕೂ ತಯಾರಿತ್ತು. ಈಗ ಗುರುತೇ ಇಲ್ಲಲ್ರಿ."

"ಗುಳಿಗಿ ಕೊಟ್ಟಾರಲ್ಲ."

"ಎಷ್ಟು ಕೊಟ್ರು?"

"ಎರಡು. ಅದರಾಗೂ ಎರಡು ಚೂರು ಉಳದಾವ." ಅವನು ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ಕೊಟ್ಟ. ಒಂದು ಗುಳ್ಳೆ ಪೂರ್ತಿ ಖಾಲಿ, ಇನ್ನೊಂದರಲ್ಲಿ ಬಿಳಿಯ ಚೂರುಗಳು.

ಮಾನಮ್ಮ ಹತ್ತನೇ ಕ್ಲಾಸಿನ ತನಕ ಓದಿದವಳು. ಹಾಳೆಯ ಹಿಂದಿನ ಹೆಸರನ್ನು ಬೆರಳಿಟ್ಟು ಓದಿದಳು. ತಿರುಗಿಸಿ ಚೂರುಗಳನ್ನು ನೋಡಿದಳು. ಮತ್ತೆ ಹೆಸರು ಓದಿದಳು.

"ಇದು ನಾಯಿ ಗುಳಿಗಿ ಅಲ್ರಿ," ಅಂದಳು. "ಇದು ನಂಗೂ ಕೊಟ್ಟಿದ್ರು."

"ಯಾವಾಗ?"

"ಮೊದಲನೇದು ಹೋದಾಗ. ನೀವಿನ್ನೂ ಬೆಂಗಳೂರಿಂದ ಬಂದಿದ್ದಿಲ್ಲ. ಎದಿ ಕಲ್ಲಾಗಿ ಹಾಲು ಸೋರ್ತಿತ್ತು. ನರ್ಸಮ್ಮ ಹಾಳಿ ಸಮೇತ ಎರಡು ಗುಳಿಗಿ ಕೈಯಾಗಿಟ್ಟು, ನುಂಗು ತಾಯಿ, ಕಮ್ಮಿ ಆಗ್ತದ ಅಂದ್ರು. ಇವೇ ಎರಡು."

ದುರ್ಗೇಶನಿಗೆ ಇದು ಗೊತ್ತಿರಲಿಲ್ಲ. ಅವನು ಊರು ಮುಟ್ಟಿದ್ದು ಮೂರನೆಯ ದಿನ. ಆಗ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವನು ಏನೂ ಕೇಳಿರಲಿಲ್ಲ. ಮೂರು ವರ್ಷವಾದರೂ ಕೇಳಿರಲಿಲ್ಲ.

ಭೀಮು ಹಾಳೆಗೆ ಕೈ ಚಾಚಿದ. ಅವಳು ಅದನ್ನು ಮೇಲಕ್ಕೆ ಎತ್ತಿ ಹಿಡಿದಳು. ವ್ಯಾನಿನ ನೆರಳಲ್ಲಿ ಕೆಂಪಿ ನಿದ್ದೆಯಲ್ಲಿ ಒಂದು ಕಾಲು ಒದರಿತು.

"ಕಮ್ಮಿ ಆತೇನು ಆಗ?" ದುರ್ಗೇಶ ಕೇಳಿದ.

"ಹಾಲು ನಿಂತಿತು ರೀ," ಅಂದಳು ಮಾನಮ್ಮ. ಬಗ್ಗಿ ಕಲ್ಲಿನ ಮೇಲಿನ ಕುಂಚಿಗೆ ಎತ್ತಿಕೊಂಡು, ಅದರ ಮೇಲಿನ ಪಂಜದ ಮಣ್ಣನ್ನು ಝಾಡಿಸಿದಳು. "ಹಾಲು ಅಷ್ಟೇ ನಿಂತಿತು."